ಗಾಯದ ಕಲೆ ಇದ್ದ ಲೇಕ್ ಟ್ರೌಟ್: ಬಿಡಬೇಕಿತ್ತಾ, ತಂದದ್ದು ಸರಿಯಾ?

ಹಾಸನದ_ಹೈದ (ಮಿನ್ನಿಯಾಪೊಲಿಸ್)

ಎಲ್ಲರಿಗೂ ನಮಸ್ಕಾರ. ಊರಿನ ಕೆರೆ ಏರಿ ಮೇಲೆ ಕೂತು, ಬಿದಿರು ಕಡ್ಡಿಗೆ ದಾರ ಕಟ್ಟಿ, ಎರೆಹುಳು ಸಿಕ್ಕಿಸಿ ಗಾಳ ಹಾಕಿದ್ದು ಬಿಟ್ಟರೆ ನನಗೆ ಮೀನು ಹಿಡಿದು ಗೊತ್ತಿಲ್ಲ. ಮೊನ್ನೆ ಶನಿವಾರ ಆಫೀಸಿನ ನಾಲ್ಕು ಜನ ದುಡ್ಡು ಹಾಕಿ, ಡುಲುತ್‌ನಲ್ಲಿ ಒಂದು ಚಾರ್ಟರ್ ಬೋಟ್ ಗೊತ್ತು ಮಾಡಿಕೊಂಡು ಲೇಕ್ ಸುಪೀರಿಯರ್‌ಗೆ ಹೋಗಿದ್ದೆವು. ಜುಲೈ ತಿಂಗಳು. ಆದರೂ ಬೆಳಿಗ್ಗೆ ಐದೂವರೆಗೆ ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು ನಡುಗುತ್ತಿದ್ದೆ.

ಸುಮಾರು 130 ಅಡಿ ಆಳದಲ್ಲಿ ಸ್ಪೂನ್, ಅಂದರೆ ಸಣ್ಣ ಮೀನಿನ ಹಾಗೆ ಹೊಳೆಯುವ ಲೋಹದ ಗಾಳ, ಎಳೆಯುತ್ತಿದ್ದರು. ಡೌನ್‌ರಿಗ್ಗರ್ ಅಂತ ಒಂದು ರಾಟೆ, ಅದರ ತುದಿಗೆ ಭಾರದ ಗುಂಡು. ಗಾಳದ ದಾರವನ್ನು ಅಷ್ಟು ಆಳಕ್ಕೆ ಇಳಿಸುವುದು ಅದೇ. ಒಂಬತ್ತು ಗಂಟೆ ಹೊತ್ತಿಗೆ ನನ್ನ ಪಾಲಿನ ಕಡ್ಡಿ ತಲೆ ಅಲ್ಲಾಡಿಸಿತು. ಹತ್ತು ನಿಮಿಷ ರೀಲ್ ಸುತ್ತಿ ತೋಳು ನೋಯಿತು. ಮೇಲೆ ಬಂದದ್ದು ಸುಮಾರು ಆರು ಪೌಂಡಿನ ಮೀನು. ಬೂದುಹಸಿರು ಮೈ, ಅದರ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು, ಕತ್ತರಿಯ ಹಾಗೆ ಸೀಳಿದ ಬಾಲ.

ಎಡಗಡೆ, ಎದೆಯ ರೆಕ್ಕೆಯ ಸ್ವಲ್ಪ ಹಿಂದೆ, ಐದು ರೂಪಾಯಿ ನಾಣ್ಯದಷ್ಟು ದೊಡ್ಡ ಒಂದು ದುಂಡು ಕಲೆ. ಯಾರೋ ಬಳೆ ಕಾಯಿಸಿ ಬರೆ ಎಳೆದ ಹಾಗೆ. ಬೋಟಿನವನು ಕಲೆ ನೋಡಿದ, ಬಾಲದ ಹತ್ತಿರ ಬೆನ್ನ ಮೇಲೆ ಬೆರಳಾಡಿಸಿದ, "ಕಾಡಿನದು, ಹುಟ್ಟಿದ್ದು ಇಲ್ಲೇ" ಅಂದ. ಇಟ್ಟುಕೊಳ್ಳುತ್ತೀಯಾ, ಬಿಡುತ್ತೀಯಾ ಅಂತ ಕೇಳಿದ. ಖುಷಿಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದುಬಿಟ್ಟೆ.

ಮನೆಗೆ ಬಂದ ಮೇಲೆ ಒಂಬತ್ತು ವರ್ಷದ ಮಗಳು ಕೇಳಿದಳು: "ಅಪ್ಪ, ಇದಕ್ಕೆ ಎಷ್ಟು ವರ್ಷ?" ಹುಡುಕಿ ನೋಡಿದರೆ ಈ ಮೀನು 40 ವರ್ಷಕ್ಕೂ ಹೆಚ್ಚು ಬದುಕಬಲ್ಲದಂತೆ. ಅಲ್ಲಿಂದ ಊಟ ಸೇರಲಿಲ್ಲ. ನಾನು ಮಾಡಿದ್ದು ತಪ್ಪಾ? ಆ ಕಲೆ ಏನು? ರೆಕ್ಕೆ ಮುಟ್ಟಿ ನೋಡಿ ಕಾಡಿನದು ಅಂತ ಹೇಗೆ ಹೇಳಿದ?

ಸಸ್ಯಾಹಾರಿ_ಸುಬ್ಬ (ಶಿಕಾಗೊ)

ಎಷ್ಟು ವರ್ಷ ಅಂತ ಬದನೆಕಾಯಿಗೆ ಯಾರೂ ಕೇಳುವುದಿಲ್ಲ. ನಮ್ಮ ಕಡೆ ಬಂದುಬಿಡಿ ಸ್ವಾಮಿ, ನೆಮ್ಮದಿಯಾಗಿ ಇರಬಹುದು.

ಮಲ್ಪೆಯ_ಮಗಳು (ಮ್ಯಾಡಿಸನ್)

ಸುಬ್ಬಣ್ಣ, ನೀವು ಸುಮ್ನೆ ಇರಿ ಮಾರಾಯ್ರೆ. ಹೈದ, ತಂದದ್ದು ತಂದಾಯಿತು, ಇನ್ನು ವ್ಯರ್ಥ ಮಾಡಬೇಡಿ. ಲೇಕ್ ಟ್ರೌಟ್ ಬಂಗುಡೆಗಿಂತಲೂ ಎಣ್ಣೆ ಮೀನು. ಕಾಣೆ, ಪಾಂಫ್ರೆಟ್ ಮಾಡಿದ ಹಾಗೆ ರವಾ ಫ್ರೈ ಮಾಡಿದರೆ ಬಾಯಿಗೆ ಜಿಡ್ಡು ಹಿಡಿಯುತ್ತದೆ. ಹುಳಿ ಮತ್ತು ಖಾರ ಮುಂದೆ ನಿಲ್ಲಬೇಕು. ನಾನು ಪುಳಿಮುಂಚಿ ಮಾಡುತ್ತೇನೆ. ಹುಣಸೆ ಸ್ವಲ್ಪ ಜಾಸ್ತಿ, ತೆಂಗಿನಕಾಯಿ ಬೇಡವೇ ಬೇಡ.

ಚರ್ಮ ತೆಗೆಯಿರಿ. ಹೊಟ್ಟೆಯ ಅಂಚಿನ ಕೊಬ್ಬು, ಬೆನ್ನ ಮೇಲಿನ ಕೊಬ್ಬು, ಪಕ್ಕದಲ್ಲಿ ಉದ್ದಕ್ಕೆ ಕಾಣುವ ಕಂದು ಪಟ್ಟಿ ಎಲ್ಲ ಕೆತ್ತಿ ಹಾಕಿ. ಸುಪೀರಿಯರ್, ಮಿಷಿಗನ್, ಹ್ಯೂರಾನ್ ಥರದ ಈ ಗ್ರೇಟ್ ಲೇಕ್ಸ್ ಸರೋವರಗಳ ಮೀನಿನಲ್ಲಿ ಪಿಸಿಬಿ ಅನ್ನುವ ಹಳೆಯ ಕಾರ್ಖಾನೆ ವಿಷ ಕೂರುವುದು ಕೊಬ್ಬಿನಲ್ಲೇ. ಪಾದರಸ ಹಾಗಲ್ಲ, ಅದು ಮಾಂಸದಲ್ಲೇ ಇರುತ್ತದೆ, ಕೆತ್ತಿದರೆ ಹೋಗುವುದಿಲ್ಲ. ಮೀನು ದೊಡ್ಡದಾದಷ್ಟೂ, ಹಳೆಯದಾದಷ್ಟೂ ಎರಡೂ ಹೆಚ್ಚು. ಮಗಳಿಗೆ ಕೊಡುವ ಮುಂಚೆ ನಿಮ್ಮ ರಾಜ್ಯದವರು ಹಾಕಿರುವ ಮೀನು ತಿನ್ನುವ ಸೂಚನೆ ಒಂದು ಸಲ ನೋಡಿಕೊಳ್ಳಿ. ಮಕ್ಕಳಿಗೆ, ಬಸುರಿಯರಿಗೆ ಬೇರೆಯೇ ಲೆಕ್ಕ ಇರುತ್ತದೆ.

ತುಂಗೆಯ_ತಡಿ (ಥಂಡರ್ ಬೇ)

ಹೈದ ಅವರೇ, ಊಟ ಬಿಡುವಂಥದ್ದು ಏನೂ ಆಗಿಲ್ಲ. ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವಳು. ಈಗ ಆ ಕೆಲಸದಲ್ಲಿ ಇಲ್ಲ, ಹುಚ್ಚು ಮಾತ್ರ ಹೋಗಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ರೆಕ್ಕೆ. ಟ್ರೌಟ್, ಸಾಲ್ಮನ್ ಜಾತಿಗೆಲ್ಲ ಬೆನ್ನಿನ ಕೊನೆಯಲ್ಲಿ, ಬಾಲಕ್ಕೆ ಸ್ವಲ್ಪ ಮುಂಚೆ ಒಂದು ಸಣ್ಣ ಮಾಂಸದ ಮೊಗ್ಗಿನಂಥ ರೆಕ್ಕೆ ಇರುತ್ತದೆ. ಅಡಿಪೋಸ್ ಅಂತ ಹೆಸರು. ಸಾಕಣೆ ಕೇಂದ್ರದಲ್ಲಿ ಬೆಳೆಸಿ ಸರೋವರಕ್ಕೆ ಬಿಡುವ ಲೇಕ್ ಟ್ರೌಟ್ ಮರಿಗಳಿಗೆ ಅದನ್ನೋ ಬೇರೊಂದು ರೆಕ್ಕೆಯನ್ನೋ ಕತ್ತರಿಸಿ ಬಿಡುತ್ತಾರೆ. ನಮ್ಮಲ್ಲಿ ಕುರಿಗೆ ಕಿವಿ ಕತ್ತರಿಸಿ ಗುರುತು ಮಾಡುತ್ತಾರಲ್ಲ, ಹಾಗೆ. ಎಲ್ಲ ರೆಕ್ಕೆಯೂ ಇದೆ ಅಂದರೆ ಆ ಮೀನು ಸರೋವರದ ಕಲ್ಲು ಸಂದಿಯಲ್ಲೇ ಮೊಟ್ಟೆಯೊಡೆದು ಬಂದದ್ದು.

ಆ ಕಲೆ ಸೀ ಲ್ಯಾಂಪ್ರೇ ಕಚ್ಚಿದ್ದು. ಹಾವುಮೀನಿನ ಹಾಗೆ ಕಾಣುತ್ತದೆ, ದವಡೆ ಇಲ್ಲ. ಬಾಯಿ ಅಂದರೆ ಒಂದು ದುಂಡು ಬಟ್ಟಲು, ಅದರ ಒಳಗೆ ಸುತ್ತಲೂ ಸಾಲು ಸಾಲು ಹಲ್ಲು, ನಡುವೆ ತುರಿಮಣೆಯಂಥ ನಾಲಿಗೆ. ಮೀನಿನ ಮೈಗೆ ಜಿಗಣೆಯ ಹಾಗೆ ಅಂಟಿಕೊಂಡು, ತುರಿದು ರಕ್ತ ಹೀರುತ್ತದೆ. ಇದು ಅಟ್ಲಾಂಟಿಕ್ ಸಮುದ್ರದ ಜೀವಿ. ಅಲ್ಲಿ ಅದಕ್ಕೂ ಅಲ್ಲಿನ ಮೀನಿಗೂ ಹೇಗೋ ಹೊಂದಾಣಿಕೆ ಇದೆ. ಇಲ್ಲಿಗೆ ಬರದ ಹಾಗೆ ನಯಾಗರ ಜಲಪಾತ ಅಡ್ಡ ನಿಂತಿತ್ತು. 1829ರಲ್ಲಿ ಹಡಗುಗಳಿಗಾಗಿ ಜಲಪಾತವನ್ನು ಬಳಸಿಕೊಂಡು ವೆಲ್ಲಂಡ್ ಕಾಲುವೆ ತೋಡಿದರು. ಕಾಲುವೆಯನ್ನು ಮುಂದೆ ಅಗಲ ಮಾಡಿದರು, ಆಳ ಮಾಡಿದರು. 1921ರಲ್ಲಿ ಲ್ಯಾಂಪ್ರೇ ಲೇಕ್ ಈರಿಯಲ್ಲಿ ಕಾಣಿಸಿತು, 1936ರಲ್ಲಿ ಮಿಷಿಗನ್‌ನಲ್ಲಿ, 1938ರ ಹೊತ್ತಿಗೆ ಸುಪೀರಿಯರ್‌ನಲ್ಲಿ.

ಒಂದು ಲ್ಯಾಂಪ್ರೇ ರಕ್ತ ಹೀರಿ ಬದುಕುವ ಒಂದು ಒಂದೂವರೆ ವರ್ಷದಲ್ಲಿ 18 ಕಿಲೊವರೆಗೆ ಮೀನು ಕೊಲ್ಲಬಲ್ಲದು. ಲೇಕ್ ಟ್ರೌಟ್ ಮೊದಲ ಸಲ ಮೊಟ್ಟೆ ಇಡುವುದಕ್ಕೇ ಆರೇಳು ವರ್ಷ ಬೇಕು, ಸುಪೀರಿಯರ್‌ನ ತಣ್ಣೀರಲ್ಲಿ ಇನ್ನೂ ತಡ. ಇಷ್ಟು ನಿಧಾನವಾಗಿ ಬೆಳೆಯುವ ಮೀನಿಗೆ ಅಂಥ ಶತ್ರು. ಜೊತೆಗೆ ಬಲೆಗಳ ಹಿಡಿತ ಬೇರೆ ಮಿತಿ ಮೀರಿತ್ತು. 1950ರ ದಶಕದಲ್ಲಿ ಮಿಷಿಗನ್ ಸರೋವರದಲ್ಲಿ ಲೇಕ್ ಟ್ರೌಟ್ ನಿರ್ನಾಮ ಆಯಿತು. ಹ್ಯೂರಾನ್‌ನಲ್ಲಿ ಒಂದೆರಡು ಕೊಲ್ಲಿಗಳ ಮೂಲೆಯಲ್ಲಿ ಉಳಿಯಿತು. ಸುಪೀರಿಯರ್‌ನಲ್ಲೂ ಉಳಿದದ್ದು ನೀರೊಳಗಿನ ಅಲ್ಲೊಂದು ಇಲ್ಲೊಂದು ದಿಬ್ಬದ ಮೇಲೆ.

ನಿಮ್ಮ ಮೀನು ಅಂಥದ್ದೊಂದರ ಮೊಮ್ಮಗನೋ ಮರಿಮಗನೋ. ಲ್ಯಾಂಪ್ರೇ ಕಚ್ಚಿದರೂ ಬದುಕಿ, ಗಾಯ ಮಾಯಿಸಿಕೊಂಡು, ಕೊನೆಗೆ ನಿಮ್ಮ ಸ್ಪೂನ್‌ಗೆ ಸಿಕ್ಕಿದೆ. ಆರು ಪೌಂಡ್ ಅಂದರೆ ಎಂಟರಿಂದ ಹನ್ನೆರಡು ವರ್ಷ ಇರಬಹುದು. ಮಗಳಿಗಿಂತ ದೊಡ್ಡದೋ ಚಿಕ್ಕದೋ ಹೇಳುವುದು ಕಷ್ಟ.

ಹಾಸನದ_ಹೈದ

ಮೇಡಂ, ಸಮಾಧಾನ ಮಾಡಲಿಕ್ಕೆ ಬರೆದದ್ದಾ ಇದು? ಕೊನೆಯ ಪ್ಯಾರಾ ಓದಿದ ಮೇಲೆ ಇನ್ನೂ ಜಾಸ್ತಿ ಆಯಿತು.

ತುಂಗೆಯ_ತಡಿ

ಅಯ್ಯೋ, ಹೇಳಬೇಕಾದದ್ದೇ ಬಿಟ್ಟುಹೋಯಿತು! ಸುಪೀರಿಯರ್‌ನ ಮೀನು ಈಗ ಚೆನ್ನಾಗಿ ಚೇತರಿಸಿಕೊಂಡಿದೆ. ಅಮೆರಿಕ, ಕೆನಡಾ ಎರಡೂ ಸೇರಿ ನಡೆಸುವ ಗ್ರೇಟ್ ಲೇಕ್ಸ್ ಫಿಶರಿ ಕಮಿಷನ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು: ಸುಪೀರಿಯರ್‌ನ ಬಹುಪಾಲು ಕಡೆ ಲೇಕ್ ಟ್ರೌಟ್ ಪೂರ್ತಿ ಮರಳಿದೆ. ನಿಯಮದ ಮಿತಿಯೊಳಗೆ ಒಂದು ಮೀನು ಮನೆಗೆ ತಂದರೆ ಸರೋವರಕ್ಕೆ ನಷ್ಟ ಆಗುವುದಿಲ್ಲ. ಮಿತಿ ಇಟ್ಟಿರುವುದೇ ಆ ಲೆಕ್ಕ ಹಾಕಿ.

ಗಾಳದ_ಗುಂಡ (ಗ್ರ್ಯಾಂಡ್ ಹೇವನ್ ಹತ್ತಿರ, ಮಿಷಿಗನ್)

ಗುರು, ನಾನೊಂದು ಕಟು ಸತ್ಯ ಹೇಳಲಾ? ಒಂದು ಲೇಕ್ ಟ್ರೌಟ್‌ಗೆ ಇಷ್ಟು ಕಣ್ಣೀರು ಬೇಡ. ನಮ್ಮ ಕಡೆ ಬೋಟಿನವರು ಅದನ್ನು ಗ್ರೀಸರ್ ಅಂತಾರೆ, ಮೈಯೆಲ್ಲ ಜಿಡ್ಡು ಅಂತ. ಎಳೆದರೆ ಒದ್ದೆ ಗೋಣಿಚೀಲ ಎಳೆದ ಹಾಗೆ ಬರುತ್ತದೆ. ಚಿನೂಕ್ ಸಾಲ್ಮನ್ ಹಿಡಿದು ನೋಡಿ ಒಂದು ಸಲ. ರೀಲ್ ಕಿರುಚುತ್ತದೆ, ನೂರು ಗಜ ದಾರ ಒಂದೇ ಓಟಕ್ಕೆ ಖಾಲಿ. ಹದಿನಾರು ವರ್ಷದಿಂದ ಮಿಷಿಗನ್ ಸರೋವರದಲ್ಲಿ ಬೋಟ್ ಇಳಿಸುತ್ತಿದ್ದೇನೆ. ಚಿನೂಕ್ ಮರಿ ಬಿಡುವುದನ್ನು 2013ರಲ್ಲಿ ಕಡಿಮೆ ಮಾಡಿದರು. ಯಾಕೆ? ಸಾಲ್ಮನ್ ತಿನ್ನುವ ಏಲ್‌ವೈಫ್ ಮೀನು ಸಾಲುತ್ತಿಲ್ಲ ಅಂತ. ಆದರೆ ಅದೇ ಏಲ್‌ವೈಫ್ ತಿನ್ನುವ ಲೇಕ್ ಟ್ರೌಟ್ ಮರಿಗಳನ್ನು ಮಾತ್ರ ಸರ್ಕಾರ ಬಿಡುತ್ತಲೇ ಇದೆ. ಬಂದರಿನ ಹೋಟೆಲು, ಬೋಟ್ ಅಂಗಡಿ, ಗಾಳದ ಅಂಗಡಿ ಎಲ್ಲ ಬದುಕಿರುವುದು ಸಾಲ್ಮನ್‌ನಿಂದ. ಲೇಕ್ ಟ್ರೌಟ್ ನೋಡಲಿಕ್ಕೆ ಯಾರೂ ಓಹಾಯೊದಿಂದ ಡ್ರೈವ್ ಮಾಡಿಕೊಂಡು ಬರುವುದಿಲ್ಲ.

ತುಂಗೆಯ_ತಡಿ

ಗುಂಡಣ್ಣ, ಬಂದರುಗಳ ಕಷ್ಟ ನಿಜ, ಒಪ್ಪುತ್ತೇನೆ. ಆದರೆ ಆ ಸಾಲ್ಮನ್ ಅಲ್ಲಿಗೆ ಬಂದದ್ದೇ ಲೇಕ್ ಟ್ರೌಟ್ ಹೋದದ್ದಕ್ಕೆ. ದೊಡ್ಡ ಬೇಟೆಮೀನು ಇಲ್ಲದೆ ಏಲ್‌ವೈಫ್ ಮಿತಿಮೀರಿ ಹೆಚ್ಚಿತು. ಅದೂ ಸಮುದ್ರದಿಂದ ಕಾಲುವೆ ಹಿಡಿದು ಬಂದದ್ದೇ. 1967ರ ಬೇಸಿಗೆಯಲ್ಲಿ ರಾಶಿ ರಾಶಿ ಸತ್ತು ಶಿಕಾಗೊ ಬೀಚುಗಳಲ್ಲಿ ಮೂಗು ಬಿಡಲಾಗಲಿಲ್ಲವಂತೆ. ಅದನ್ನು ತಿನ್ನಲಿ, ಗಾಳದವರಿಗೂ ಆಟ ಆಗಲಿ ಅಂತ ಮಿಷಿಗನ್ ರಾಜ್ಯದ ಹೊವರ್ಡ್ ಟ್ಯಾನರ್ ಅನ್ನುವ ಅಧಿಕಾರಿ ಪೆಸಿಫಿಕ್ ಸಾಗರದ ಕೋಹೊ ಸಾಲ್ಮನ್ ತರಿಸಿ ಅದರ ಹಿಂದಿನ ವರ್ಷ, 1966ರಲ್ಲೇ, ಬಿಟ್ಟಿದ್ದರು. ಮರುವರ್ಷ ಚಿನೂಕ್. ನೀವು ಹದಿನಾರು ವರ್ಷದಿಂದ ಹಿಡಿಯುತ್ತಿರುವುದು ಆ ಪ್ರಯೋಗದ ಫಸಲು.

ಏಲ್‌ವೈಫ್ ವಿಷಯಕ್ಕೆ ಇನ್ನೊಂದು ಮುಖ ಇದೆ. ಅದರ ಮೈಯಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ. ಅದು ಬಿ1 ವಿಟಮಿನ್ ಅನ್ನು ಮುರಿದುಹಾಕುತ್ತದೆ. ಅದನ್ನೇ ತಿಂದು ಬೆಳೆದ ತಾಯಿ ಲೇಕ್ ಟ್ರೌಟ್‌ನ ಮೊಟ್ಟೆಯಲ್ಲಿ ಬಿ1 ಸಾಲುವುದಿಲ್ಲ. ಮೊಟ್ಟೆ ಒಡೆಯುತ್ತದೆ, ಮರಿ ಗಿರಗಿರ ಸುತ್ತಿ ಸಾಯುತ್ತದೆ. ಪಾಲಿಶ್ ಅಕ್ಕಿ ತಿಂದು ಮನುಷ್ಯರಿಗೆ ಬೆರಿಬೆರಿ ಬರುತ್ತಿತ್ತಲ್ಲ, ಅದೇ ಕೊರತೆ. ಮಿಷಿಗನ್, ಹ್ಯೂರಾನ್ ಎರಡರಲ್ಲೂ ದಶಕಗಟ್ಟಲೆ ಕೋಟಿಗಟ್ಟಲೆ ಮರಿ ಬಿಟ್ಟರೂ ಅವು ತಾವಾಗಿ ವಂಶ ಬೆಳೆಸಲಿಲ್ಲ. ಅದಕ್ಕೆ ಇದೂ ಒಂದು ಕಾರಣ. 2003-04ರಲ್ಲಿ ಹ್ಯೂರಾನ್‌ನಲ್ಲಿ ಏಲ್‌ವೈಫ್ ಕುಸಿದುಬಿತ್ತು. ಸಾಲ್ಮನ್ ಆಟವೂ ಅಲ್ಲಿಗೆ ಮುಗಿಯಿತು. ಆಮೇಲೆ ನೋಡಿದರೆ ರೆಕ್ಕೆ ಕತ್ತರಿಸದ ಲೇಕ್ ಟ್ರೌಟ್ ಮರಿಗಳು ಬಲೆಗೆ ಬೀಳಲಿಕ್ಕೆ ಶುರು. ಅಂದರೆ ನೀವು ಬೇಕು ಅನ್ನುವ ಮೀನು, ನಾನು ಬೇಕು ಅನ್ನುವ ಮೀನು ಎರಡೂ ಒಂದೇ ಕಾಲದಲ್ಲಿ ಕೊಬ್ಬುವುದು ಕಷ್ಟ.

ಗಾಳದ_ಗುಂಡ

ಇದು ಗೊತ್ತಿರಲಿಲ್ಲ. ಆದರೂ ಗೋಣಿಚೀಲ ಗೋಣಿಚೀಲವೇ.

ಮೊಂಟಾನದ_ಮಲ್ಲಿ (ಬೋಝ್‌ಮನ್)

ನಿಮ್ಮ ಮಾತು ಓದಿ ನನಗೆ ತಲೆ ತಿರುಗುತ್ತಿದೆ. ನಮ್ಮ ಪಕ್ಕದ ಯೆಲ್ಲೊಸ್ಟೋನ್ ಸರೋವರದಲ್ಲಿ ಲೇಕ್ ಟ್ರೌಟ್ ಅಂದರೆ ಕಳ್ಳ. ಗಾಳಕ್ಕೆ ಸಿಕ್ಕಿದರೆ ವಾಪಸ್ ಜೀವಂತ ಬಿಡುವ ಹಾಗಿಲ್ಲ, ಕೊಲ್ಲಲೇಬೇಕು. ಅದೇ ನಿಯಮ. ತಿನ್ನಲಿಕ್ಕೆ ಬೇಡವಾದರೆ ಗಾಳಿಚೀಲ ಚುಚ್ಚಿ ಆಳದ ನೀರಿಗೆ ಹಾಕಿ ಅನ್ನುತ್ತಾರೆ. ಇಷ್ಟೇ ಹಿಡಿಯಬೇಕು ಅನ್ನುವ ಮಿತಿಯೂ ಇಲ್ಲ.

ಅಲ್ಲಿನ ಸ್ವಂತ ಮೀನು ಕಟ್‌ಥ್ರೋಟ್ ಟ್ರೌಟ್. ಗಂಟಲ ಕೆಳಗೆ ಕುಂಕುಮ ಎಳೆದ ಹಾಗೆ ಕೆಂಪು ಗೀರು. ವಸಂತ ಮುಗಿಯುವಾಗ ಸಣ್ಣ ಹಳ್ಳಗಳಿಗೆ ಹತ್ತಿ ಬಂದು ಮೊಟ್ಟೆ ಇಡುತ್ತದೆ. ಕರಡಿ, ನೀರುನಾಯಿ, ಮೀನುಹದ್ದು ಎಲ್ಲಕ್ಕೂ ಅದೇ ಊಟ. 1994ರಲ್ಲಿ ಅಲ್ಲಿ ಮೊದಲ ಲೇಕ್ ಟ್ರೌಟ್ ಸಿಕ್ಕಿತು. ಯಾರೋ ಕದ್ದು ತಂದು ಬಿಟ್ಟದ್ದು. ಒಂದು ಲೇಕ್ ಟ್ರೌಟ್ ವರ್ಷಕ್ಕೆ ಸುಮಾರು 41 ಕಟ್‌ಥ್ರೋಟ್ ತಿನ್ನುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಕ್ಲಿಯರ್ ಕ್ರೀಕ್ ಅನ್ನುವ ಹಳ್ಳಕ್ಕೆ 1978ರಲ್ಲಿ 70 ಸಾವಿರಕ್ಕೂ ಹೆಚ್ಚು ಕಟ್‌ಥ್ರೋಟ್ ಹತ್ತಿತ್ತು. 2007ರಲ್ಲಿ ಐನೂರು ಚಿಲ್ಲರೆ. ಲೇಕ್ ಟ್ರೌಟ್ ಹಳ್ಳಕ್ಕೆ ಬರುವುದೇ ಇಲ್ಲ, ಆಳದಲ್ಲೇ ಇದ್ದು ಆಳದ ಕಲ್ಲಿನ ಮೇಲೇ ಮೊಟ್ಟೆ ಇಡುತ್ತದೆ. ಹಾಗಾಗಿ ಕರಡಿಗೆ ಇದೂ ಇಲ್ಲ, ಅದೂ ಇಲ್ಲ. ಕರಡಿಗಳು ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಮರಿಗಳ ಕಡೆ ತಿರುಗಿದವು.

ಅಂದಿನಿಂದ ಬಲೆ ಹಾಕಿ 40 ಲಕ್ಷಕ್ಕೂ ಹೆಚ್ಚು ಲೇಕ್ ಟ್ರೌಟ್ ತೆಗೆದಿದ್ದಾರೆ. ಮೊಟ್ಟೆ ಇಡುವ ದಿಬ್ಬಗಳ ಮೇಲೆ ಅದೇ ಮೀನಿನ ಹೆಣ ಸುರಿದು, ಕೊಳೆಸಿ, ಉಸಿರಿಲ್ಲದೆ ಮೊಟ್ಟೆ ಸಾಯುವ ಹಾಗೆ ಮಾಡುತ್ತಾರೆ. ನಾನು ಕಳೆದ ವರ್ಷ ಹಿಡಿದ ಎರಡನ್ನೂ ತಲೆಗೆ ಹೊಡೆದು ಕೊಂದೆ. ಪಾರ್ಕಿನವರು ಕೇಳಿ ಖುಷಿ ಪಟ್ಟರು. ಇಲ್ಲಿ ನೀವು ಒಂದು ಮೀನು ತಂದದ್ದಕ್ಕೆ ಊಟ ಬಿಟ್ಟಿದ್ದೀರಿ!

ತುಂಗೆಯ_ತಡಿ

ಮಲ್ಲಿ, ನಿಮ್ಮ ಕಳ್ಳನ ಮನೆತನ ಹೇಳುತ್ತೇನೆ ಕೇಳಿ.

ಯೆಲ್ಲೊಸ್ಟೋನ್ ಪಾರ್ಕಿನೊಳಗೇ ಲೂಯಿಸ್, ಶೋಶೋನ್ ಅಂತ ಎರಡು ಸರೋವರ ಇವೆಯಲ್ಲ. ಜಲಪಾತದ ಮೇಲೆ ಇರುವುದರಿಂದ ಮೊದಲು ಅವುಗಳಲ್ಲಿ ಮೀನೇ ಇರಲಿಲ್ಲ. 1890ರಲ್ಲಿ ಸರ್ಕಾರವೇ ಅಲ್ಲಿಗೆ ಲೇಕ್ ಟ್ರೌಟ್ ತಂದು ಬಿಟ್ಟಿತು. ಎಲ್ಲಿಂದ ತಂದದ್ದು? ಮಿಷಿಗನ್ ಸರೋವರದ ತಳಿಯಿಂದ. ನೂರು ವರ್ಷ ಆದ ಮೇಲೆ ಯಾರೋ ಲೂಯಿಸ್‌ನಿಂದ ಕದ್ದು ಯೆಲ್ಲೊಸ್ಟೋನ್ ಸರೋವರಕ್ಕೆ ಬಿಟ್ಟರು. ಅದು ಹೇಗೆ ಗೊತ್ತಾಯಿತು ಅಂದರೆ, ಮೀನಿನ ತಲೆಯೊಳಗೆ ಕಿವಿಯ ಹತ್ತಿರ ಒಂದು ಸಣ್ಣ ಕಲ್ಲು ಇರುತ್ತದೆ. ಮರದ ಕಾಂಡದ ಹಾಗೆ ಅದರಲ್ಲಿ ಉಂಗುರ ಬೀಳುತ್ತವೆ, ಮೀನು ಬೆಳೆದ ನೀರಿನ ರಾಸಾಯನಿಕ ಗುರುತೂ ಅದರಲ್ಲಿ ಕೂತಿರುತ್ತದೆ. ಅದನ್ನು ಪರೀಕ್ಷೆ ಮಾಡಿ ಇದು ಲೂಯಿಸ್ ನೀರು ಕುಡಿದು ಬೆಳೆದದ್ದು ಅಂದರು.

ಈ ನಡುವೆ ಮೂಲ ಮನೆಯಲ್ಲಿ, ಅಂದರೆ ಮಿಷಿಗನ್ ಸರೋವರದಲ್ಲಿ, ಲ್ಯಾಂಪ್ರೇ ಬಂದು ಆ ಮೀನು ನಿರ್ನಾಮ ಆಗಿತ್ತಲ್ಲ. ಮತ್ತೆ ತುಂಬಿಸೋಣ ಅಂತ ಹೊರಟಾಗ ಮಿಷಿಗನ್‌ನ ಹಳೆಯ ತಳಿ ಎಲ್ಲಿ ಉಳಿದಿದೆ ಅಂತ ಹುಡುಕಿದರು. ವಯೋಮಿಂಗ್‌ನ ಬೆಟ್ಟದ ಮೇಲೆ, ಲೂಯಿಸ್ ಸರೋವರದಲ್ಲಿ! ಅಲ್ಲಿಂದ ಮೊಟ್ಟೆ ತಂದು ಮಿಷಿಗನ್‌ಗೆ ಬಿಟ್ಟ ತಳಿಗಳಲ್ಲಿ ಅದೂ ಒಂದು.

ನೀವು ತಲೆಗೆ ಹೊಡೆದದ್ದೂ, ಗುಂಡಣ್ಣ ಗೋಣಿಚೀಲ ಅಂದದ್ದೂ ಒಂದೇ ಅಜ್ಜಿಯ ಮೊಮ್ಮಕ್ಕಳು ಆಗಿರಬಹುದು.

ಸಸ್ಯಾಹಾರಿ_ಸುಬ್ಬ

ಇದು ಚೆನ್ನಾಗಿದೆ. ಅಜ್ಜನ ಮನೆ ಬಿದ್ದುಹೋಗಿ, ಓಡಿಹೋದ ಮಗನ ಮಕ್ಕಳನ್ನು ಕರೆತಂದು ಮನೆಗೆ ದೀಪ ಹಚ್ಚಿಸಿದ ಹಾಗೆ.

ಕಾವೇರಿ_ಬಂಡೆ (ಕನಕಪುರ)

ಅಮೆರಿಕದವರ ಮಾತಿನ ನಡುವೆ ಊರಿಂದ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ತಳಿ, ಬಿಡುಗಡೆ ಅಂದಕೂಡಲೇ ನಮ್ಮ ಬಿಳಿ ಮೀನು, ಅದೇ ಮಹಶೀರ್, ನೆನಪಾಯಿತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದು ಹಿಡಿದಿದ್ದರು. ಗಾಲಿಬೋರೆ, ಭೀಮೇಶ್ವರಿ, ದೊಡ್ಡಮಕ್ಕಳಿ ಕ್ಯಾಂಪುಗಳಿಗೆ ಅದಕ್ಕೋಸ್ಕರವೇ ಹೊರದೇಶದವರು ಬರುತ್ತಿದ್ದರು. ರಾಗಿ ಹಿಟ್ಟಿನ ಉಂಡೆ ಗಾಳಕ್ಕೆ ಹಾಕುವುದು, ಹಿಡಿಯುವುದು, ತೂಕ ಬರೆಯುವುದು, ಬಿಡುವುದು.

ಕಾವೇರಿಯ ಸ್ವಂತ ಮಹಶೀರ್‌ಗೆ ಬೆನ್ನಲ್ಲಿ ಗೂನು, ರೆಕ್ಕೆ ಕಿತ್ತಳೆ ಬಣ್ಣ. ಲೋಣಾವಳದ ಸಾಕಣೆ ಕೇಂದ್ರದಿಂದ ತಂದು ಬಿಟ್ಟದ್ದು ನೀಲಿ ರೆಕ್ಕೆಯ ಬೇರೆ ಮಹಶೀರ್. ಮಹಶೀರ್ ಉಳಿಸಬೇಕು ಅನ್ನುವ ಒಳ್ಳೆ ಮನಸ್ಸಿನಿಂದಲೇ ಬಿಟ್ಟದ್ದು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳದವರು ಬರೆದಿಟ್ಟ ಪುಸ್ತಕ ತಿರುವಿ ನೋಡಿದಾಗ ಗೊತ್ತಾಯಿತು, ನೀಲಿ ರೆಕ್ಕೆಯದು ಏರುತ್ತಾ ಬಂದಿದೆ, ಗೂನು ಬೆನ್ನಿನದು ಕರಗುತ್ತಾ ಬಂದಿದೆ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಅಲ್ಲಿಯವರೆಗೆ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಕೂಡ ನಿಕ್ಕಿ ಆಗಿರಲಿಲ್ಲ.

ಕಾವೇರಿ ಅಭಯಾರಣ್ಯದೊಳಗೆ ಗಾಳಕ್ಕೆ ತಡೆ ಬಿದ್ದ ಮೇಲೆ ಆ ಪುಸ್ತಕವೂ ನಿಂತಿತು. ತಡೆ ಸರಿಯೋ ತಪ್ಪೋ ಅದು ಬೇರೆ ಜಗಳ. ಆದರೆ ಈಗ ಎಣಿಸುವವರು ಯಾರು? ನಿಮ್ಮಲ್ಲಿ ರೆಕ್ಕೆ ಕತ್ತರಿಸಿ ಬಿಡುವ ಪದ್ಧತಿ ಓದಿ ಹೊಟ್ಟೆಕಿಚ್ಚಾಯಿತು. ನಮ್ಮಲ್ಲೂ ಹಾಗೆ ಮಾಡಿದ್ದರೆ ಯಾವುದು ನದಿಯದು, ಯಾವುದು ತೊಟ್ಟಿಯದು ಅಂತ ಮೊದಲೇ ಗೊತ್ತಾಗುತ್ತಿತ್ತು.

ಮಲ್ಪೆಯ_ಮಗಳು

ಬಂಡೆಯವರೇ, ನೀವು ಬಾಯಿ ಹಾಕಿದ್ದು ಒಳ್ಳೇದೇ ಆಯಿತು.

ಗಾಳದ_ಗುಂಡ

ಸರಿ, ಮೀನು ವಾಪಸ್ ಬಂತು ಅಂತೀರಿ. ಹಾಗಾದರೆ ಗಿಲ್ ನೆಟ್, ಅಂದರೆ ಮೀನಿನ ಕಿವಿರು ಸಿಕ್ಕಿಹಾಕಿಕೊಳ್ಳುವ ಬಲೆಯ, ವಿಷಯ ಮಾತಾಡೋಣ. ನಾವು ದಿನಕ್ಕೆ ಎರಡು ಮೂರು ಮೀನಿಗೆ ಲೈಸೆನ್ಸ್ ಹಿಡಿದು ಕಾಯುತ್ತೇವೆ. ಉತ್ತರದಲ್ಲಿ ಬುಡಕಟ್ಟಿನವರು ಬಲೆ ಹಾಕಿ ಬಾಚುತ್ತಾರೆ. 2023ರಲ್ಲಿ ಕೋರ್ಟು ಮೀನು ಹಂಚಿಕೆಯ ಹೊಸ ಒಪ್ಪಂದಕ್ಕೂ ಮುದ್ರೆ ಒತ್ತಿತು. ನಮ್ಮ ಗಾಳದವರು ಎಷ್ಟು ಬಡಿದಾಡಿದರೂ ಕೇಳಲಿಲ್ಲ.

ಮಾಡರೇಟರ್

ಗುಂಡ ಅವರೇ, ವಿಷಯ ಮಾತಾಡಿ, ಪರವಾಗಿಲ್ಲ. "ಬಾಚುತ್ತಾರೆ" ಥರದ ಮಾತು ಬೇಡ.

ತುಂಗೆಯ_ತಡಿ

1836ರ ಒಪ್ಪಂದದಲ್ಲಿ ಅಲ್ಲಿನ ಒಡಾವಾ, ಓಜಿಬ್ವೆ ಜನ ಮಿಷಿಗನ್ ರಾಜ್ಯದ ದೊಡ್ಡ ಭಾಗ ಭೂಮಿಯನ್ನೇ ಬಿಟ್ಟುಕೊಟ್ಟರು. ಮೀನು ಹಿಡಿಯುವ ಹಕ್ಕು ಮಾತ್ರ ಇಟ್ಟುಕೊಂಡರು. 1979ರಲ್ಲಿ ಫೆಡರಲ್ ನ್ಯಾಯಾಧೀಶ ನೋಯೆಲ್ ಫಾಕ್ಸ್ ಅದನ್ನೇ ಎತ್ತಿಹಿಡಿದರು. ಅದು ಸರ್ಕಾರ ಕೊಟ್ಟ ರಿಯಾಯಿತಿ ಅಲ್ಲ, ಜಮೀನು ಮಾರುವಾಗ ಬಾವಿಯ ನೀರಿನ ಹಕ್ಕು ನನ್ನದೇ ಅಂತ ಪತ್ರದಲ್ಲಿ ಬರೆಸಿಕೊಂಡ ಹಾಗೆ. ಈ ಮೀನಿನ ವೈಜ್ಞಾನಿಕ ಹೆಸರಿನಲ್ಲಿ ಬರುವ ನಮೇಕುಶ್ ಅನ್ನುವ ಮಾತೇ ಅಲ್ಲಿನ ಮೂಲನಿವಾಸಿಗಳ ಭಾಷೆಯದು.

ಬಲೆಗೆ ನಿಯಮ ಬೇಡ ಅನ್ನುತ್ತಿಲ್ಲ. ಬಲೆಯವರಿಗೂ ಪಾಲಿನ ಮಿತಿ ಇದೆ, ಗಾಳದವರಿಗೂ ಇದೆ, ಎರಡೂ ಒಂದೇ ಲೆಕ್ಕದ ಪುಸ್ತಕದಿಂದ ಬರುತ್ತವೆ. ಸುಪೀರಿಯರ್‌ನಲ್ಲಿ ಮೀನು ಮರಳಲಿಕ್ಕೆ ಒಂದು ದೊಡ್ಡ ಕಾರಣ ವಿಸ್ಕಾನ್ಸಿನ್‌ನ ಅಪೋಸಲ್ ದ್ವೀಪಗಳ ಹತ್ತಿರ ಗಲ್ ಐಲ್ಯಾಂಡ್ ದಿಬ್ಬದ ಸುತ್ತ 1976ರಲ್ಲಿ ಗೆರೆ ಎಳೆದು, ಒಳಗೆ ಲೇಕ್ ಟ್ರೌಟ್‌ಗೆ ಬಲೆಯೂ ಇಲ್ಲ ಗಾಳವೂ ಇಲ್ಲ ಅಂದದ್ದು. ಅಲ್ಲಿ ಹಳೆಯ ತಾಯಿಮೀನುಗಳು ಉಳಿದುಕೊಂಡಿದ್ದವು.

ಮಲ್ಪೆಯ_ಮಗಳು

ನಮ್ಮ ಅಪ್ಪ, ದೊಡ್ಡಪ್ಪ ಎಲ್ಲ ಬೋಟಿನವರೇ. ಜೂನ್, ಜುಲೈ ಎರಡು ತಿಂಗಳು ಯಂತ್ರದ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಚಿಕ್ಕವಳಿದ್ದಾಗ ಮನೆಯಲ್ಲಿ ಆ ಎರಡು ತಿಂಗಳು ಒಣಮೀನು ಚಟ್ನಿ, ಸಾಲದ ಪುಸ್ತಕ. ಅಪ್ಪ ಬೈದುಕೊಂಡೇ ಬಲೆ ಹೊಲಿಯುತ್ತಿದ್ದರು. ಆದರೆ ಆಗಸ್ಟ್‌ನಲ್ಲಿ ಇಳಿದ ಮೊದಲ ದಿನ ಬೋಟು ತುಂಬಿ ಬಂದರೆ ಯಾರೂ ಬೈದದ್ದು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಬಲೆಯವರು ಅಂದಕೂಡಲೇ ಮೀನಿನ ಶತ್ರು ಅಲ್ಲ ಗುಂಡಣ್ಣ. ಬಲೆಯವರ ಹೊಟ್ಟೆ ಮೀನಿನ ಮೇಲೆ ನಿಂತಿದೆ, ನಿಮ್ಮದು ಭಾನುವಾರ ಮಾತ್ರ.

ಗಾಳದ_ಗುಂಡ

ಅಕ್ಕ, ಆ ಕೊನೆ ಮಾತು ಸ್ವಲ್ಪ ಜೋರಾಯಿತು. ಆದರೆ ಸುಳ್ಳಲ್ಲ. ಬಾವಿಯ ಹೋಲಿಕೆ ನನಗೆ ಹಿಡಿಸಿತು ಅಂತ ಒಪ್ಪಿಕೊಳ್ಳುತ್ತೇನೆ. ಬಲೆ ಇಷ್ಟವಾಯಿತು ಅಂತ ಮಾತ್ರ ಬರೆಸಬೇಡಿ.

ಹಾಸನದ_ಹೈದ

ಒಂದು ಕೇಳಬೇಕಿತ್ತು. ಲ್ಯಾಂಪ್ರೇ ಈಗಲೂ ಇದೆ, ನನ್ನ ಮೀನಿಗೆ ಕಚ್ಚಿದೆ. ಹಾಗಿದ್ದರೂ ಟ್ರೌಟ್ ಹೇಗೆ ವಾಪಸ್ ಬಂತು? ಇಷ್ಟು ದೊಡ್ಡ ಸರೋವರದಲ್ಲಿ ಅದನ್ನು ಹಿಡಿಯುವುದು ಹೇಗೆ?

ತುಂಗೆಯ_ತಡಿ

ಸರೋವರದಲ್ಲಿ ಹಿಡಿಯುವುದಿಲ್ಲ. ಹಿಡಿಯಲಿಕ್ಕೆ ಆಗುವುದೂ ಇಲ್ಲ, ಸುಪೀರಿಯರ್ ಅಂದರೆ 82 ಸಾವಿರ ಚದರ ಕಿಲೊಮೀಟರ್, ನಮ್ಮ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ. ಅತಿ ಆಳದಲ್ಲಿ 406 ಮೀಟರ್. ಆದರೆ ಲ್ಯಾಂಪ್ರೇ ಹುಟ್ಟುವುದು ಹಳ್ಳಗಳಲ್ಲಿ. ಮರಿ ಹಲ್ಲಿಲ್ಲದ ಹುಳುವಿನ ಹಾಗೆ ಹಳ್ಳದ ಕೆಸರಿನಲ್ಲಿ ಮೂರ್ನಾಲ್ಕು ವರ್ಷ, ಕೆಲವು ಸಲ ಏಳು ವರ್ಷ ಹೂತುಕೊಂಡಿರುತ್ತದೆ. ಹಿಡಿಯುವುದಿದ್ದರೆ ಅಲ್ಲಿ.

ಮಿಷಿಗನ್‌ನ ಹ್ಯಾಮಂಡ್ ಬೇ ಅನ್ನುವ ಕೇಂದ್ರದಲ್ಲಿ ವರ್ನನ್ ಆಪಲ್‌ಗೇಟ್ ಮತ್ತು ಸಂಗಡಿಗರು ಸುಮಾರು 6,000 ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಗಾಜಿನ ಪಾತ್ರೆಯಲ್ಲಿ ಲ್ಯಾಂಪ್ರೇ ಮರಿ, ಜೊತೆಗೆ ಬೇರೆ ಮೀನು. ಮದ್ದು ಹಾಕು, ಕಾಯಿ, ಬರೆದುಕೋ. ಎರಡೂ ಸತ್ತವು, ಎರಡೂ ಬದುಕಿದವು, ಮುಂದಿನದು ತಾ. ಹೀಗೆ ವರ್ಷಗಟ್ಟಲೆ. ಕೊನೆಗೆ ಲ್ಯಾಂಪ್ರೇ ಮಾತ್ರ ಸತ್ತ ಒಂದು ಗುಂಪಿನ ಮದ್ದು ಸಿಕ್ಕಿತು. ಅದರಿಂದ ಬಂದದ್ದು ಟಿಎಫ್‌ಎಂ. ಬೇರೆ ಮೀನುಗಳ ಮೈ ಅದನ್ನು ಅರಗಿಸಿ ಹೊರಹಾಕುತ್ತದೆ, ಲ್ಯಾಂಪ್ರೇಗೆ ಆ ಶಕ್ತಿ ಸಾಲದು. 1958ರಿಂದ ಇಂದಿನವರೆಗೆ ಹಳ್ಳ ಹಳ್ಳ ತಿರುಗಿ ಅದನ್ನು ಹಾಕುತ್ತಲೇ ಇದ್ದಾರೆ. ಲ್ಯಾಂಪ್ರೇ ಶೇಕಡ 90ರಷ್ಟು ಇಳಿಯಿತು. ಉಳಿದದ್ದು ಹೋಗುವುದಿಲ್ಲ.

ಕೋವಿಡ್ ಕಾಲದಲ್ಲಿ, 2020 ಮತ್ತು 21ರಲ್ಲಿ, ಕೆಲಸದವರು ಹಳ್ಳಗಳಿಗೆ ಪೂರ್ತಿ ಹೋಗಲಾಗಲಿಲ್ಲ. ಅಷ್ಟಕ್ಕೇ ಲ್ಯಾಂಪ್ರೇ ಮತ್ತೆ ಏರಿಬಿಟ್ಟಿತು. ಮರಿ ಬಿಡುವುದು, ಗಾಳಕ್ಕೆ ಮಿತಿ ಹಾಕುವುದು ಎಲ್ಲ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ. ಸೊಳ್ಳೆ ಕಚ್ಚಿಸಿಕೊಂಡು ಕೆಸರಿನ ಹಳ್ಳದಲ್ಲಿ ನಿಂತವರದು ಯಾರೂ ಫೋಟೊ ಹಾಕುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮ ಮೀನು ಬದುಕಿದ್ದದ್ದು ಅವರಿಂದ.

ಮೊಂಟಾನದ_ಮಲ್ಲಿ

ಹೈದ, ಮುಂದಿನ ಸಲ ಬಿಡುವುದಾದರೆ ಒಂದು ಮಾತು. ಲೇಕ್ ಟ್ರೌಟ್‌ಗೆ ಗಾಳಿಚೀಲದಿಂದ ಗಂಟಲಿಗೆ ಒಂದು ಕೊಳವೆ ಇದೆ. ಆಳದಿಂದ ಬರುವಾಗ ತೇಗಿ ಗಾಳಿ ಬಿಡುತ್ತದೆ. ಮೀನಿಗಿಂತ ಮೊದಲು ಗುಳ್ಳೆ ಮೇಲೆ ಬಂದರೆ ಲೇಕ್ ಟ್ರೌಟ್ ಅಂತ ತಿಳಿದುಕೊಳ್ಳಿ. ಹಾಗಾಗಿ ಬೇರೆ ಕೆಲವು ಆಳದ ಮೀನುಗಳಂತೆ ಹೊಟ್ಟೆ ಉಬ್ಬಿ ತೇಲುವುದು ಕಡಿಮೆ. ಆದರೆ ನಿಧಾನಕ್ಕೆ ಎಳೆಯಬೇಕು, ತೇಗಲು ಸಮಯ ಕೊಡಬೇಕು. ಕಿವಿರಿಗೆ ಬೆರಳು ಹಾಕಬೇಡಿ, ಒದ್ದೆ ಕೈಯಲ್ಲಿ ಹಿಡಿಯಿರಿ, ಬೇಸಿಗೆಯಲ್ಲಿ ಮೇಲಿನ ಬಿಸಿ ನೀರಲ್ಲಿ ಜಾಸ್ತಿ ಹೊತ್ತು ಇಡಬೇಡಿ. ಕಳ್ಳನ ವಿಷಯಕ್ಕೆ ಇಷ್ಟು ಉಪಕಾರ ನಾನು ಮಾಡಬಾರದು, ಆದರೂ.

ಹಾಸನದ_ಹೈದ (ಏಳು ವಾರದ ನಂತರ)

ಹಳೆಯ ದಾರವನ್ನು ಮೇಲೆ ಎಳೆಯುತ್ತಿದ್ದೇನೆ. ನಿನ್ನೆ ಮತ್ತೆ ಹೋಗಿದ್ದೆ, ಈ ಸಲ ಮಗಳೂ ಬಂದಿದ್ದಳು. ಅಕ್ಟೋಬರ್‌ನಲ್ಲಿ ಸೀಸನ್ ಮುಚ್ಚುವ ಮುಂಚೆ ಒಂದು ಸಲ ಅಂತ. ಅವಳು ಒಂದು ನೋಟ್‌ಬುಕ್ ತಂದಿದ್ದಳು. ಮೀನಿನ ಉದ್ದ, ರೆಕ್ಕೆ ಇದೆಯಾ ಇಲ್ಲವಾ, ಕಲೆ ಇದೆಯಾ ಇಲ್ಲವಾ, ಮೂರು ಕಾಲಂ. ಕಾವೇರಿ ಬಂಡೆಯವರ ಮಾತು ಓದಿ ಹೇಳಿದ್ದೆ, ಅದು ತಲೆಗೆ ಹೋಗಿದೆ.

ಮೂರು ಮೀನು ಸಿಕ್ಕಿದವು. ಮೂರಕ್ಕೂ ರೆಕ್ಕೆ ಇತ್ತು. ಮಲ್ಲಿಯವರು ಹೇಳಿದ ಹಾಗೆ ಮೊದಲು ಗುಳ್ಳೆ ಬಂದವು, ಸೋಡಾ ಬಾಟಲಿ ತೆರೆದ ಹಾಗೆ. ಮಗಳು ಕುಣಿದಾಡಿಬಿಟ್ಟಳು. ದೊಡ್ಡದು 31 ಇಂಚು, ಬಿಟ್ಟೆವು. ಒಂದು ಕ್ಷಣ ಬೋಟಿನ ಪಕ್ಕದಲ್ಲೇ ನಿಂತಿತ್ತು, ಆಮೇಲೆ ಬಾಲ ಬೀಸಿ ನೇರ ಕೆಳಗೆ. ಸಣ್ಣದೊಂದನ್ನು ತಂದಿದ್ದೇನೆ. ಪುಳಿಮುಂಚಿಗೆ ಹುಣಸೆ ನೆನೆ ಹಾಕಿದೆ. ಮಲ್ಪೆ ಅಕ್ಕ, ಎಷ್ಟು ಅಂತ ಅಳತೆ ಹೇಳಲೇ ಇಲ್ಲ ನೀವು.

ಮೂರನೆಯದರ ಹೊಟ್ಟೆಗೆ ಲ್ಯಾಂಪ್ರೇ ಅಂಟಿಕೊಂಡೇ ಬಂತು. ಜೀವಂತ, ಒಂದು ಅಡಿಗಿಂತ ಉದ್ದ. ಮೀನು ನೀರಿಂದ ಮೇಲೆ ಬಂದಕೂಡಲೇ ಕಳಚಿಕೊಂಡು ಬೋಟಿನ ನೆಲಕ್ಕೆ ಬಿತ್ತು. ಬೋಟಿನವನು ಬಕೆಟ್ಟಿಗೆ ಹಾಕಿದ, ಸರೋವರಕ್ಕೆ ವಾಪಸ್ ಹಾಕುವ ಮಾತೇ ಇಲ್ಲ ಅಂದ. ಅದು ಬಕೆಟ್ಟಿನ ಗೋಡೆಗೆ ಬಾಯಿ ಒತ್ತಿ ಅಂಟಿಕೊಂಡಿತು. ಪ್ಲಾಸ್ಟಿಕ್ ಬಕೆಟ್ಟು, ಹೊರಗಿನಿಂದ ನೋಡಿದರೆ ದುಂಡು ಬಾಯಿಯ ನೆರಳು ಕಾಣುತ್ತಿತ್ತು. ಬಂದರು ಮುಟ್ಟುವವರೆಗೂ ಮಗಳು ಅದರ ಮುಂದೆಯೇ ಕೂತಿದ್ದಳು. ನೋಟ್‌ಬುಕ್ಕಿನಲ್ಲಿ ನಾಲ್ಕನೇ ಕಾಲಂ ಎಳೆದಿದ್ದಾಳೆ.

ಮಲ್ಪೆಯ_ಮಗಳು

ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆ. ಮೆಣಸು ಹುರಿದು ಅರೆಯಿರಿ, ಹಸಿ ಹಾಕಬೇಡಿ. ಒಂದು ರಾತ್ರಿ ಇಟ್ಟು ಮರುದಿನ ತಿಂದರೆ ಇನ್ನೂ ರುಚಿ.